ಕೊಕ್ಕೊ ಕಾಯಿ ಕೊಳೆಗೆ ಹಟ್ಟಿಗೊಬ್ಬರದ ಮದ್ದು

ಕಳೆದ ಮೇ ತಿಂಗಳಲ್ಲಿ ಕಾರ್ಕಳದ ಹತ್ತಿರ ಭಾವನ ತೋಟಕ್ಕೆ ಹೋಗಿದ್ದೆ. ಅಂಗಳದ ನಡುವೆ, ಸುಡುಬಿಸಿಲಲ್ಲಿ, ಟರ್ಪಾಲು ಹೊದಿಸಿದ ಗೊಬ್ಬರದ ರಾಶಿ. "ಟ್ರೈಕೋಡರ್ಮಾ ಬೆಳೀತಾ ಉಂಟು" ಅಂದರು. ಕೊಳೆ ತರುವ ರೋಗಾಣುವನ್ನು ಹತ್ತಿಕ್ಕುವ ಒಳ್ಳೆಯ ಬೂಷ್ಟು ಅದು. ಕೈ ಹಾಕಿ ಕೂಡಲೇ ಎಳೆದುಕೊಂಡೆ, ಅಷ್ಟು ಬಿಸಿ. ಬೆಳೆಯುವುದೇನು, ಇದ್ದದ್ದೂ ಬೆಂದುಹೋಗಿತ್ತು.

ಮೊದಲು ತೋಟ ಸ್ವಚ್ಛ ಮಾಡಿ. ಮರದಲ್ಲೇ ಒಣಗಿ ನೇತಾಡುವ ಕಪ್ಪು ಕಾಯಿ ಕಿತ್ತು ಹೂಳಿ, ಗೆಲ್ಲು ಸವರಿ ಗಾಳಿ ಆಡಿಸಿ.

ಆಮೇಲೆ ಟ್ರೈಕೋಡರ್ಮಾ ಪುಡಿ. ತಯಾರಾದ ದಿನಾಂಕ ನೋಡದೆ ತರಬೇಡಿ. ಬಿಸಿಲು ಬೀಳುವ ಶೆಲ್ಫಿನಲ್ಲಿ ಕೂತ ಪ್ಯಾಕೆಟ್ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಕೆಲವು ಅಂಗಡಿಯವರು "ಫಂಗಸ್ಸಿಗೆ ಇದು ಬೆಸ್ಟ್" ಅಂತ ಕಾರ್ಬೆಂಡಜಿಮ್ ಕೊಡುತ್ತಾರೆ. ಸುಮ್ನೆ ದುಡ್ಡು ದಂಡ. ಈ ಕೊಳೆ ತರುವ ಫೈಟಾಫ್ತೋರಾ ನಮ್ಮ ಅಡಿಕೆ ಕೊಳೆರೋಗದ ಬಳಗದ್ದು. ಶಿಲೀಂಧ್ರ ಅನ್ನುವುದು ಹೆಸರಿಗೆ, ನಿಜಕ್ಕೂ ಅದು ಪಾಚಿಯ ದಾಯಾದಿ. ಆ ಮದ್ದು ಅದಕ್ಕೆ ನಾಟುವುದೇ ಇಲ್ಲ.

ಈಗ ಎಲ್ಲರೂ ಕೆಡಿಸುವ ಕೆಲಸ. 90 ಕಿಲೋ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿ, 1 ಕಿಲೋ ಪುಡಿ. ಗೊಬ್ಬರ ಹಳೆಯದಾಗಿರಬೇಕು, ಕೈಯಲ್ಲಿ ಉದುರಬೇಕು. ಹಸಿ ಸೆಗಣಿ ಕಾವೇರುತ್ತದೆ. ಮೂರನ್ನೂ ಬೆರೆಸಿ ನೀರು ಚಿಮುಕಿಸಿ. ಎಷ್ಟು ಅಂದರೆ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ರಾಶಿ ಮೊಣಕಾಲು ಮಟ್ಟ ದಾಟದಿರಲಿ. ಹಟ್ಟಿಯ ಬದಿಯಲ್ಲೋ ಮಾಡಿನ ಕೆಳಗೋ ಹಾಕಿ ಒದ್ದೆ ಗೋಣಿ ಹೊದಿಸಿ. ಪ್ಲಾಸ್ಟಿಕ್ ಖಂಡಿತ ಬೇಡ. ನಾಲ್ಕು ದಿನಕ್ಕೊಮ್ಮೆ ಮಗುಚಿ, ಒಣಗಿದರೆ ನೀರು ಕೊಡಿ. ಬೇಗ ಬೆಳೆಯಲಿ ಅಂತ ಬೆಲ್ಲದ ನೀರು ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ, ಇರುವೆ ಮುತ್ತುತ್ತದೆ. ಮಣ್ಣಿನ ರೋಗಾಣುವನ್ನು ಕಾಯಿಗೆ ಏರಿಸುವುದರಲ್ಲಿ ಇರುವೆಯ ಪಾಲೂ ಉಂಟು, ಅಲ್ವಾ?

15 ದಿನದೊಳಗೆ ರಾಶಿಯ ಮೇಲೆ ಬಿಳಿ ನೂಲು, ಆಮೇಲೆ ಹಸಿರು ಬೂಷ್ಟು ಬರುತ್ತದೆ. ಕೊಳೆತ ನಾತ ಹೊಡೆದರೆ ಚೆಲ್ಲಿ ಹೊಸದು ಮಾಡಿ.

ಪತ್ತನಾಜೆ (ಮೇ ಕೊನೆಯ ವಾರ) ಹೊತ್ತಿಗೆ ಎರಡು ಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಮರಕ್ಕೆ 2-3 ಕಿಲೋದಂತೆ ಬುಡದ ಸುತ್ತ ಹರಡಿ. ಅಗೆಯಬೇಡಿ, ಬೇರು ಮೇಲೆಯೇ ಇರುತ್ತದೆ. ಮೇಲೆ ತರಗೆಲೆ ಮುಚ್ಚಿ. ಮಳೆ ಹನಿಗೆ ಮಣ್ಣು ಕಾಯಿಗೆ ಸಿಡಿಯುವುದು ತಪ್ಪುತ್ತದೆ.

ತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಬಿಡಿ ಅಂತ ನಾನು ಹೇಳುವುದಿಲ್ಲ. ಜಡಿಮಳೆಯಲ್ಲಿ ಮೇಲಿನ ಕಾಯಿಗೆ ಶೇ 1ರ ಬೋರ್ಡೋ ಬೇಕೇ ಬೇಕು. ಆದರೆ ಅದರ ತುತ್ತ ಟ್ರೈಕೋಡರ್ಮಾಕ್ಕೂ ಪೆಟ್ಟು ಕೊಡಬಹುದು. ಎರಡರ ನಡುವೆ 15 ದಿನ ಬಿಡಿ, ಬೋರ್ಡೋ ಬುಡಕ್ಕೆ ಸುರಿಯಬೇಡಿ.

ಆಟಿಯಲ್ಲಿ (ಜುಲೈ-ಆಗಸ್ಟ್) ವಾರಕ್ಕೊಮ್ಮೆ ತೋಟ ಸುತ್ತಿ. ನಾಣ್ಯದಷ್ಟು ಕಂದು ಕಲೆ ಕಂಡರೂ ಅವತ್ತೇ ಕೊಯ್ಯಿರಿ. ಬಲಿತ ಕಾಯಿಯಾದರೆ ಒಡೆದು ನೋಡಿ. ಮೊದಮೊದಲು ಕೊಳೆ ಸಿಪ್ಪೆಯಲ್ಲೇ ಇರುತ್ತದೆ, ಒಳಗಿನ ಬೀಜ ಮಾರುವ ಹಾಗೆಯೇ ಸಿಗುತ್ತದೆ.