ಲಗ್ನಪತ್ರಿಕೆಯ ‘ಜಿ||’ ನೋಡ್ರಿ: ಹಳೇ ಮದುವೆ ನೋಂದಣಿ ಹುಡುಕೋದು ಹೇಗೆ

ಹರಪನಹಳ್ಳಿಯಲ್ಲಿ ನಾನು ಪತ್ರ ಬರೆಯುವ ಕಸುಬಿಗೆ ಕುಳಿತಾಗ ನಮ್ಮದು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಯ್ತು. 2018ರಲ್ಲಿ, ಹೈದರಾಬಾದ್ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿ ಕೊಡುವ ಮೀಸಲಾತಿ ಸವಲತ್ತಿಗಾಗಿ ಮತ್ತೆ ಬಳ್ಳಾರಿಗೆ ಹೋದೆವು. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದೆವು. ಮೇಜು ಕುರ್ಚಿ ಇದ್ದಲ್ಲೇ ಇವೆ, ನಾನು ಮಾತ್ರ ಮೂರು ಸಲ ವಿಳಾಸದ ಒಕ್ಕಣೆ ಬದಲಿಸಿದ್ದೇನೆ. ನಮ್ಮಪ್ಪನ ಕಾಲ ಹಿಡಿದರೆ ಇನ್ನೊಂದು ಸೇರುತ್ತದೆ: 1953ರ ಅಕ್ಟೋಬರ್ 1ರವರೆಗೆ ಇದು ಮದ್ರಾಸ್ ರಾಜ್ಯ.

ಕ್ರಯಪತ್ರ, ದಾನಪತ್ರ, ವಿಭಾಗಪತ್ರ ನನ್ನ ನಿತ್ಯದ ಕಸುಬು. ಈಚೀಚೆಗೆ ‘ಅಪ್ಪ ಅಮ್ಮನ ಮದುವೆ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ’ ಎಂದು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಪಿಂಚಣಿಗೆ, ವೀಸಾಕ್ಕೆ, ಆಸ್ತಿ ತಕರಾರಿಗೆ ಬೇಕಾಗುತ್ತದೆ. ಬಂದವರಲ್ಲಿ ಹತ್ತರಲ್ಲಿ ಎಂಟು ಮಂದಿ ಮೊದಲು ಜಿಲ್ಲಾ ಕೇಂದ್ರಕ್ಕೆ ಹೋಗಿ, ಬಸ್ ಚಾರ್ಜು ಕಳೆದುಕೊಂಡು ಬಂದಿರುತ್ತಾರೆ.

ಜಿಲ್ಲೆ ಬದಲಾದರೆ ದಾಖಲೆಯೂ ಹೊಸ ಜಿಲ್ಲಾ ಕೇಂದ್ರಕ್ಕೆ ಹೋಗಿರುತ್ತದೆ ಅಂದುಕೊಳ್ಳಬೇಡಿ. ಹಿಂದೂ ಮದುವೆಯ ರಿಜಿಸ್ಟರ್ ಇರುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ. ಜಿಲ್ಲೆ ಬದಲಾದಾಗ ಆ ಕಚೇರಿಯ ಬೋರ್ಡು, ಮೊಹರು ಬದಲಾಗುತ್ತವೆ, ಒಳಗಿನ ಬೀರು ಕದಲುವುದಿಲ್ಲ. ಪೆಟ್ಟು ಬೀಳುವುದು ತಾಲ್ಲೂಕು ಒಡೆದು ಹೊಸ ಉಪನೋಂದಣಿ ಕಚೇರಿ ತೆರೆದಾಗ. ಸಾಮಾನ್ಯವಾಗಿ ಹೊಸ ಕಚೇರಿಯಲ್ಲಿ ಅದು ಶುರುವಾದ ದಿನದಿಂದ ಈಚಿನ ಪುಸ್ತಕ ಮಾತ್ರ ಇರುತ್ತದೆ. ಹಿಂದಿನದೆಲ್ಲ ಮೂಲ ಕಚೇರಿಯಲ್ಲೇ. ಆಸ್ತಿಯ ಇಸಿ (ಋಣಭಾರ ಪತ್ರ) ತೆಗೆಸಿದವರಿಗೆ ಈ ಲೆಕ್ಕ ಗೊತ್ತು: ಇಂಥ ತಾರೀಖಿನ ತನಕ ಆ ಕಚೇರಿ, ಆಮೇಲೆ ಈ ಕಚೇರಿ. ಮದುವೆಗೂ ಅದೇ ಲೆಕ್ಕ. ಹೊನ್ನಾಳಿ ತಾಲ್ಲೂಕಿನಿಂದ ನ್ಯಾಮತಿ, ಕೂಡ್ಲಿಗಿಯಿಂದ ಕೊಟ್ಟೂರು ಬೇರೆ ತಾಲ್ಲೂಕಾದದ್ದು ಮೊನ್ನೆ ಮೊನ್ನೆ. ಅಲ್ಲಿನ ಹಳೇ ಮದುವೆ ಹುಡುಕುವಾಗ ತಾಯಿ ತಾಲ್ಲೂಕಿನ ಹೆಸರನ್ನು ಕೈಬಿಡಬೇಡಿ.

ಹಾಗಾಗಿ ಮೊದಲು ಮನೆಯ ಅಟ್ಟ ಹತ್ತಿ. ಲಗ್ನಪತ್ರಿಕೆ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಊರಿನ ಹೆಸರಿನ ಮುಂದೆ ‘ತಾ||’, ‘ಜಿ||’ ಎಂದು ಅಚ್ಚು ಹಾಕಿಸುವುದು ನಮ್ಮ ಕಡೆ ವಾಡಿಕೆ. ಆ ದಿನದ ಗಡಿ ಅದರಲ್ಲಿ ಹಾಗೇ ಉಳಿದಿರುತ್ತದೆ. ಪತ್ರಿಕೆ ಇಲ್ಲದೆ ಅಜ್ಜಿ ‘ವಿಭವ ಸಂವತ್ಸರದ ವೈಶಾಖ’ ಅಂದರೆ ತಳ್ಳಿಹಾಕಬೇಡಿ, ಅದು 1988ರ ಏಪ್ರಿಲ್–ಮೇ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಅಪ್ಪನದೋ ಮುತ್ತಜ್ಜನದೋ ಎಂಬ ಗೊಂದಲವೂ ಇಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಮೂರು ಊರು ಬರೆಯಿರಿ: ಧಾರೆ ಆದ ಊರು, ಹುಡುಗನ ಊರು, ಹುಡುಗಿಯ ಊರು. ನೋಂದಣಿಯನ್ನು ಮದುವೆ ನಡೆದ ಕಡೆಯೂ ಮಾಡಿಸಬಹುದು, ಗಂಡ ಅಥವಾ ಹೆಂಡತಿ ವಾಸವಿದ್ದ ಕಡೆಯೂ ಮಾಡಿಸಬಹುದು. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. ತಂದೆ ತೀರಿಕೊಂಡು ತಾಯಿಗೆ ಕುಟುಂಬ ಪಿಂಚಣಿ ಆಗಬೇಕಿತ್ತು. 1988ರ ಮದುವೆ, ಕೊಟ್ಟೂರಲ್ಲಿ ಧಾರೆ. ಗಂಡಿನ ಊರು ನಮ್ಮ ತಾಲ್ಲೂಕು, ಹೆಣ್ಣಿನದು ಜಗಳೂರು ತಾಲ್ಲೂಕು. ಅವನಿಗೆ ಹಾಳೆಯ ಮೇಲೆ ಹೀಗೆ ಬರೆದುಕೊಟ್ಟೆ:

ಕೊಟ್ಟೂರು: ಆಗ ಕೂಡ್ಲಿಗಿ ತಾ||, ಬಳ್ಳಾರಿ ಜಿ||. ಈಗ ಕೊಟ್ಟೂರು ತಾ||, ವಿಜಯನಗರ ಜಿ||.
ಹರಪನಹಳ್ಳಿ: ಆಗ ಬಳ್ಳಾರಿ ಜಿ||, ನಡುವೆ ದಾವಣಗೆರೆ, ಮತ್ತೆ ಬಳ್ಳಾರಿ. ಈಗ ವಿಜಯನಗರ.
ಜಗಳೂರು: ಆಗ ಚಿತ್ರದುರ್ಗ ಜಿ||. 1997ರಿಂದ ದಾವಣಗೆರೆ.

ಧಾರೆಯ ಊರಿನ ರಿಜಿಸ್ಟರಿನಲ್ಲೂ ಇಲ್ಲ, ಗಂಡಿನ ಊರಿನದರಲ್ಲೂ ಇಲ್ಲ. ಆಗ ತಾಯಿಯನ್ನೇ ಕರೆದುಕೊಂಡು ಬಾ ಅಂದೆ. ಆಯಮ್ಮ ಕೂತು ನೀರು ಕುಡಿದು ಹೇಳಿದರು: ‘ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದೆ ನೋಡ್ರಿ, ಆಗ ನಮ್ಮಪ್ಪ ಇಬ್ಬರನ್ನೂ ಕರ್ಕೊಂಡು ಹೋಗಿ ಎಲ್ಲೋ ಸಹಿ ಹಾಕಿಸಿದ್ದ.’ ಅವರಪ್ಪ ಶಾಲಾ ಮೇಷ್ಟ್ರು, ಕಾಗದಪತ್ರದ ಮನುಷ್ಯ. ಜಗಳೂರಿನ ಪುಸ್ತಕದಲ್ಲಿ ಸಿಕ್ಕಿತು, 1988ರಲ್ಲಲ್ಲ, 1989ರಲ್ಲಿ.

ರಿಜಿಸ್ಟರಿನಲ್ಲಿ ನಮೂದು ಏರುವುದು ನೋಂದಣಿಯಾದ ತಾರೀಖಿನ ಸಾಲಿನಲ್ಲಿ, ಅಕ್ಷತೆ ಬಿದ್ದ ದಿನದ ಸಾಲಿನಲ್ಲಲ್ಲ. ಅರ್ಜಿಯಲ್ಲಿ ಮದುವೆಯ ಒಂದೇ ವರ್ಷ ಬರೆದರೆ ಆ ಒಂದೇ ವರ್ಷ ನೋಡಿ ‘ಇಲ್ಲ’ ಅನ್ನುತ್ತಾರೆ. ಕಡೇಪಕ್ಷ ಐದು ವರ್ಷದ ಹುಡುಕಾಟ ಕೇಳಿ, ಶುಲ್ಕ ಕಟ್ಟಿ. ಮೊದಲ ಮಗು ಹುಟ್ಟಿದ ವರ್ಷ, ನೌಕರಿ ಸಿಕ್ಕ ವರ್ಷ, ಜನ ಕಚೇರಿ ಮೆಟ್ಟಿಲು ಹತ್ತುವುದು ಅಂಥ ಹೊತ್ತಿನಲ್ಲೇ.

ಅರ್ಜಿಯ ಒಕ್ಕಣೆ ನಾನು ಹೀಗೆ ಬರೆಯುತ್ತೇನೆ: ‘ಸದರಿ ಗ್ರಾಮವು ಮದುವೆಯ ಕಾಲಕ್ಕೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ಹಾಲಿ ವಿಜಯನಗರ ಜಿಲ್ಲೆಗೆ ಒಳಪಟ್ಟಿರುತ್ತದೆ.’ ಈ ಒಂದು ಸಾಲು ಇದ್ದರೆ ‘ಇದು ನಮ್ಮ ವ್ಯಾಪ್ತಿ ಅಲ್ಲ’ ಎಂಬ ಮಾತು ಅರ್ಧಕ್ಕೆ ನಿಲ್ಲುತ್ತದೆ. ಹುಡುಕಿ ಸಿಗದಿದ್ದರೆ ಬಾಯಿಮಾತು ಕೇಳಿ ಎದ್ದು ಬರಬೇಡಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದರು ಎಂದು ಹಿಂಬರಹ ಬರೆಸಿಕೊಳ್ಳಿ. ರಿಜಿಸ್ಟರ್ ನೋಡುವುದಕ್ಕೂ, ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯುವುದಕ್ಕೂ 1955ರ ಹಿಂದೂ ವಿವಾಹ ಕಾಯ್ದೆಯ 8ನೇ ಕಲಮಿನಲ್ಲಿ ಅವಕಾಶವಿದೆ. ಸುಮ್ಮನೆ ಜಗಳಕ್ಕೆ ನಿಲ್ಲಬೇಡಿ, ಕಲಮು ನೆನಪಿರಲಿ ಅಷ್ಟೆ.

ತಾಂಡಾದವರಿಗೆ ಒಂದು ಮಾತು. ನಮ್ಮ ತಾಲ್ಲೂಕಿನಲ್ಲಿ ಲಂಬಾಣಿ ತಾಂಡಾಗಳು ಬಹಳ. ಈಚೆಗೆ ಎಷ್ಟೋ ತಾಂಡಾ ಸ್ವಂತ ಹೆಸರಿನ ಕಂದಾಯ ಗ್ರಾಮಗಳಾಗಿವೆ, ಒಳ್ಳೆಯದೇ ಆಯ್ತು. ಆದರೆ ಹಳೇ ಪುಸ್ತಕದಲ್ಲಿ ಆ ಹೆಸರು ಹುಡುಕಿದರೆ ಸಿಗದೆ ಹೋಗಬಹುದು. ಪಹಣಿ ಯಾವ ಮೂಲ ಗ್ರಾಮದ ಹೆಸರಲ್ಲಿ ಬರುತ್ತಿತ್ತೋ ಅದನ್ನೂ ಕೊಟ್ಟು ನೋಡಿಸಿ.

ಮನೆಯವರನ್ನು ಬಿಟ್ಟು ರಿಜಿಸ್ಟರ್ ಮದುವೆ ಆದವರದು ಬೇರೆ ದಾರಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇಬ್ಬರಲ್ಲೊಬ್ಬರು 30 ದಿನ ವಾಸವಿದ್ದ ಕಡೆ ನೋಟಿಸು ಕೊಡಬೇಕು. ಅಂಥವರು ಊರಲ್ಲಿ ಯಾಕೆ ಕೊಡುತ್ತಾರೆ? ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ರೂಮು ಹಿಡಿದಿರುತ್ತಾರೆ. ಆ ರೂಮಿನ ಬಡಾವಣೆ ಆಗ ಯಾವ ವಿವಾಹಾಧಿಕಾರಿ ವ್ಯಾಪ್ತಿಗೆ ಬರುತ್ತಿತ್ತೆಂದು ಕೇಳಿ. ಈ ಕಾಯ್ದೆಯ ನಮೂದುಗಳ ಪ್ರತಿ ರಾಜ್ಯದ ಜನನ, ಮರಣ, ವಿವಾಹಗಳ ರಿಜಿಸ್ಟ್ರಾರ್ ಜನರಲ್ ಅವರಿಗೂ ಹೋಗಬೇಕೆಂಬ ನಿಯಮವಿದೆ, ಹಾಗಾಗಿ ಇನ್ನೊಂದು ಬಾಗಿಲು ತಟ್ಟಬಹುದು.

ಕ್ರೈಸ್ತರು ಮೊದಲು ಚರ್ಚಿನ ಪುಸ್ತಕ ನೋಡಬೇಕು. ಅಲ್ಲಿನ ಗಡಿ ಸರ್ಕಾರದ ಗಡಿಯಲ್ಲ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ, ಉಡುಪಿ ಕಥೋಲಿಕ ಧರ್ಮಪ್ರಾಂತ್ಯ ಮಂಗಳೂರಿನಿಂದ ಬೇರೆಯಾದದ್ದು 2012ರಲ್ಲಿ.

ರಾಜ್ಯದ ಗಡಿಯೇ ಸರಿದ ಕಡೆ ಇನ್ನೂ ಹುಷಾರಾಗಿರಬೇಕು. ಆದೋನಿ, ಆಲೂರು, ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು, ಈಗ ಆಂಧ್ರದಲ್ಲಿವೆ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ. ಕಾಸರಗೋಡು ಅಲ್ಲಿಯವರೆಗೆ ದಕ್ಷಿಣ ಕನ್ನಡದ್ದು. ಅಷ್ಟು ಹಳೆಯ ಕಾಲದಲ್ಲಿ ಹಿಂದೂ ಮದುವೆ ನೋಂದಾಯಿಸಿದವರು ಅಪರೂಪ, ಆಸೆ ಕಡಿಮೆ ಇಟ್ಟುಕೊಂಡೇ ಹೊರಡಿ.

ಎಲ್ಲೂ ಸಿಗದಿದ್ದರೆ? ನೋಂದಣಿ ಆಗಿಲ್ಲವೆಂದು ಮದುವೆ ಸುಳ್ಳಾಗುವುದಿಲ್ಲ, 8ನೇ ಕಲಮಿನಲ್ಲೇ ಅದೂ ಇದೆ. ಇಬ್ಬರೂ ಇದ್ದರೆ ಈಗಲೇ ಹೋಗಿ ನೋಂದಾಯಿಸಿಕೊಳ್ಳಲಿ. ಒಬ್ಬರು ಇಲ್ಲವಾಗಿದ್ದರೆ ಗಂಡನ ಸೇವಾ ಪುಸ್ತಕದ ನಾಮನಿರ್ದೇಶನ, ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲೆ, ವಂಶವೃಕ್ಷ ಇವನ್ನು ಹಿಂಬರಹದ ಜೊತೆ ಕಟ್ಟಿ ವಕೀಲರ ಹತ್ತಿರ ಹೋಗಿ.

ಜಗಳೂರಿನ ಆ ನಕಲು ತಂದಮೇಲೂ ಹುಡುಗ ಇನ್ನೊಮ್ಮೆ ಬಂದ. ನಕಲಿನ ಒಳಗೆ ಚಿತ್ರದುರ್ಗ ಜಿಲ್ಲೆ, ಕೆಳಗಿನ ಮೊಹರಿನಲ್ಲಿ ದಾವಣಗೆರೆ ಜಿಲ್ಲೆ. ಪಿಂಚಣಿ ಟೇಬಲ್ಲಿನವರು ‘ಯಾವುದು ಸರಿ’ ಎಂದು ಕೇಳಿ ವಾಪಸ್ ಕಳಿಸಿದ್ದರು. ಜಿಲ್ಲೆ ರಚನೆಯ 1997ರ ಅಧಿಸೂಚನೆಯ ಪ್ರತಿ ನನ್ನ ಡ್ರಾಯರಿನಲ್ಲಿ ಇದ್ದೇ ಇರುತ್ತದೆ. ಒಂದು ಜೆರಾಕ್ಸ್ ಹೊಡೆಸಿ ಹಿಂದೆ ಪಿನ್ನು ಹಾಕಿ ಕೊಟ್ಟೆ. ಮೂರನೇ ಸಲ ಅವನು ಬಂದದ್ದು ಪೇಡೆ ಕೊಡಲು.