ಬ್ಯೂರೆಟ್‌ಗೆ ಕೈ ಹಾಕದೆ ಕಲಿಸುವುದು

ನಾನು ಮೊದಲ ಸಲ ಕ್ಲಾಸಿಗೆ ಹೋದಾಗ ಕೈಗೆ ಚಾಕ್‌ಪೀಸ್ ಕೊಟ್ಟು ಕಳಿಸಿದ್ದರು, ಅಷ್ಟೇ. ಪಾಠ ಹೇಗೆ ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ನಮ್ಮ ಕೆಮಿಸ್ಟ್ರಿ ವಿಭಾಗದ ಪಿಎಚ್.ಡಿ. ಮಕ್ಕಳಿಗೆ ಹಾಗಾಗಬಾರದು ಅನ್ನುವುದು ನನ್ನ ಹಟ. ಯುಜಿಸಿಯ 2022ರ ನಿಯಮದಂತೆ ಅವರಿಗೆ ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಲ್ಯಾಬ್ ಕೆಲಸ ಕೊಡಬಹುದು. ಆದರೆ ಕೆಲಸ ಕೊಟ್ಟ ಮಾತ್ರಕ್ಕೆ ಕಲಿಸಲು ಬರುವುದಿಲ್ಲ, ಅಲ್ವಾ?

ಶುರುವಿನಲ್ಲಿ ಮೈಕ್ರೋ ಟೀಚಿಂಗ್ ಮಾಡಿಸಿದೆ. ಬಿ.ಎಡ್. ಮಾಡಿದವರಿಗೆ ಇದು ಗೊತ್ತು: 6 ನಿಮಿಷ ಪಾಠ, 6 ನಿಮಿಷ ಅಭಿಪ್ರಾಯ, 12 ನಿಮಿಷ ಮತ್ತೆ ತಯಾರಿ, ಆಮೇಲೆ ಅದೇ ಪಾಠ ಇನ್ನೊಮ್ಮೆ, ಮತ್ತೆ ಅಭಿಪ್ರಾಯ. ಜಾಸ್ತಿ ಉಪಯೋಗಕ್ಕೆ ಬಂದದ್ದು ಆ 12 ನಿಮಿಷ. ತಪ್ಪು ಇನ್ನೂ ಬಿಸಿಯಾಗಿರುವಾಗಲೇ ತಿದ್ದಿಕೊಳ್ಳಬಹುದು.

ನಿಜವಾದ ಕಷ್ಟ ಲ್ಯಾಬಿನಲ್ಲಿ. ನಮ್ಮ ಒಬ್ಬ ಪಿಎಚ್.ಡಿ. ಹುಡುಗಿ, ತುಂಬಾ ಬುದ್ಧಿವಂತೆ, ಪರ್ಮ್ಯಾಂಗನೇಟ್ ಟೈಟ್ರೇಶನ್ ಮಾಡಿಸುತ್ತಿದ್ದಳು, ಅಂದರೆ ಕಡು ನೇರಳೆ ದ್ರಾವಣವನ್ನು ಆಕ್ಸಾಲಿಕ್ ಆಸಿಡ್ಡಿಗೆ ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯುವ ಪ್ರಯೋಗ. ಮೊದಲ ವರ್ಷದ ಮಗುವಿನ ಕೈ ನಡುಗಿದರೆ ಸಾಕು, ಹನಿ ಬಿಡುವ ಅಳತೆ ಕೊಳವೆಯಾದ ಬ್ಯೂರೆಟ್‌ನ ನಲ್ಲಿಯನ್ನು ತಾನೇ ತಿರುಗಿಸಿ, ತಾನೇ ರೀಡಿಂಗ್ ಹೇಳಿಬಿಡುತ್ತಿದ್ದಳು. ಆಕ್ಸಾಲಿಕ್ ಆಸಿಡ್ಡನ್ನು 60–70 ಡಿಗ್ರಿಗೆ ಬಿಸಿ ಮಾಡಿ ಅನ್ನುತ್ತಿದ್ದಳು, ಯಾಕೆ ಅಂತ ಹೇಳುತ್ತಿರಲಿಲ್ಲ, ಹಾಗಾಗಿ ಕೆಲವರು ಕುದಿಸಿಯೇಬಿಟ್ಟರು. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು ಮೇಡಂ".

ಅವತ್ತು ನಾನು ಒಂದು ದೊಡ್ಡ ತಪ್ಪು ಮಾಡಿದೆ. ಹಿಂದೆ ನಿಂತಿದ್ದವಳು ಮುಂದೆ ಹೋಗಿ, ಎಲ್ಲರ ಎದುರು ಅವಳ ಮಾತು ತಿದ್ದಿ, ಉಳಿದ ಅರ್ಧ ಗಂಟೆ ನಾನೇ ಪಾಠ ಮಾಡಿದೆ. ಮಕ್ಕಳು ಅವಳ ಕಡೆ ನೋಡುವುದನ್ನೇ ಬಿಟ್ಟರು. ಸಂಜೆ ಅವಳು ನನ್ನ ರೂಮಿಗೆ ಬಂದು, "ಮೇಡಂ, ಮುಂದಿನ ವಾರ ಬೇರೆ ಯಾರಿಗಾದರೂ ಕೊಡಿ" ಅಂದಳು. ನನಗೆ ಕರುಳು ಕಿವುಚಿದ ಹಾಗಾಯಿತು. ಅವಳು ಮಕ್ಕಳ ಬ್ಯೂರೆಟ್‌ಗೆ ಕೈ ಹಾಕಿದ ಹಾಗೆ ನಾನು ಅವಳ ಕ್ಲಾಸಿಗೆ ಕೈ ಹಾಕಿದ್ದೆ. ಅದನ್ನೇ ಅವಳಿಗೆ ಹೇಳಿ, ಕ್ಷಮೆ ಕೇಳಿದೆ.

ಅಲ್ಲಿಂದ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಆಸಿಡ್ ಚೆಲ್ಲುವಂಥ ಅಪಾಯ ಬಿಟ್ಟರೆ ಅವಳು ಮಕ್ಕಳ ಉಪಕರಣ ಮುಟ್ಟಬಾರದು, ನಾನು ಬಾಯಿ ತೆರೆಯಬಾರದು. ನಾನು ಹಿಂದೆ ಕೂತು ಅವಳನ್ನಲ್ಲ, ಮಕ್ಕಳನ್ನು ನೋಡಿ ಬರೆದುಕೊಳ್ಳುವುದು: ಯಾರು ಪಕ್ಕದವರ ರೀಡಿಂಗ್ ಕಾಪಿ ಮಾಡಿದರು, ಕಡು ಬಣ್ಣದ ದ್ರಾವಣದಲ್ಲಿ ಮೇಲಿನ ಅಂಚು ಓದಬೇಕು ಅನ್ನುವುದು ಯಾರಿಗೆ ಗೊತ್ತಿರಲಿಲ್ಲ. ಕ್ಲಾಸ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಮೊದಲು ಅವಳು ಮಾತಾಡುವುದು, ಆಮೇಲೆ ನನ್ನ ನೋಟ್ಸ್.

ಮೂರನೇ ವಾರ ಒಬ್ಬ ಹುಡುಗ ಕೇಳಿದ: "ಮೇಡಂ, ಮೊದಲ ಹನಿಯ ಬಣ್ಣ ಹೋಗೋಕೆ ಇಷ್ಟು ಹೊತ್ತು, ಆಮೇಲೆ ಮಾತ್ರ ಬೇಗ ಹೋಗುತ್ತೆ, ಯಾಕೆ?" ಅವಳು ನನ್ನ ಕಡೆ ನೋಡಿದಳು. ನಾನು ಪುಸ್ತಕಕ್ಕೆ ತಲೆ ಬಗ್ಗಿಸಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ಅವಳು ಅವನನ್ನೇ ಕೇಳಿದಳು: "ಮೊದಲ ಹನಿ ಬಿದ್ದ ಮೇಲೆ ಫ್ಲಾಸ್ಕಿನಲ್ಲಿ ಹೊಸದಾಗಿ ಏನು ಬಂದಿರಬಹುದು ಹೇಳು?"