ಸಲೈನ್ ಪೈಪಿನಲ್ಲಿ ಊರಿಗೆ ಕ್ಲೋರಿನ್: ಒಬ್ಬ ವಾಟರ್‌ಮನ್ ಅನುಭವ

ಸೋಮವಾರ ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕ್ ಹತ್ತೋದು, ಎರಡು ಬೊಗಸೆ ಬ್ಲೀಚಿಂಗ್ ಪೌಡರ್ ಸುರಿಯೋದು, ಇಳಿದು ಬಂದು ರಿಜಿಸ್ಟರಿಗೆ ಸಹಿ ಹಾಕೋದು. ಹನ್ನೊಂದು ವರ್ಷ ನಾನು ಮಾಡಿದ್ದು ಇಷ್ಟೇ. ವಾಟರ್‌ಮನ್‌ಗಳಾದ ನಿಮ್ಮಲ್ಲೂ ಬಹಳ ಜನ ಇದನ್ನೇ ಮಾಡುತ್ತಿದ್ದೀರಿ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಟ್ಯಾಂಕ್ 50 ಸಾವಿರ ಲೀಟರಿನದು. 260 ಚಿಲ್ಲರೆ ಮನೆ, ದನಕರು ಎಲ್ಲಾ ಸೇರಿ ದಿನಕ್ಕೆ ಸುಮಾರು 80 ಸಾವಿರ ಲೀಟರ್ ಬಿಡುತ್ತೇನೆ. ಅಂದರೆ ಸೋಮವಾರ ಹಾಕಿದ ಪೌಡರ್ ಮಂಗಳವಾರದ ಹೊತ್ತಿಗೆ ಬಚ್ಚಲು ಸೇರಿ ಮುಗಿದಿರುತ್ತದೆ. ಉಳಿದ ದಿನ ಕ್ಲೋರಿನ್ ಇರೋದು ರಿಜಿಸ್ಟರಿನಲ್ಲಿ ಮಾತ್ರ.

ಈ ಲೆಕ್ಕ ನನಗೆ ಹೊಳೆದಿದ್ದು ಪೆಟ್ಟು ಬಿದ್ದ ಮೇಲೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಕೆಳಗಿನ ಬೀದಿಯಲ್ಲಿ ವಾಂತಿ-ಭೇದಿ ಶುರುವಾಯಿತು. ಹದಿನೈದೋ ಹದಿನೆಂಟೋ ಜನ ಮಲಗಿದರು. ಪುಣ್ಯಕ್ಕೆ ಎಲ್ಲರೂ ಹುಷಾರಾದರು. ಬೈಗುಳ ಮಾತ್ರ ನೇರವಾಗಿ ನನ್ನ ಮನೆ ಬಾಗಿಲಿಗೇ ಬಂತು. ನಮ್ಮ ಆಶಾ ಅಕ್ಕ ಎಚ್‌ಟುಎಸ್ ಬಾಟಲಿ (ನೀರಿಗೆ ಹೊಲಸು ಸೇರಿದ್ದರೆ ಕಪ್ಪಾಗುವ ಪರೀಕ್ಷೆ ಬಾಟಲಿ) ತಂದು ಎರಡು ಕಡೆ ನೀರು ಹಿಡಿದರು. ಟ್ಯಾಂಕಿನ ಕೆಳಗಿನ ನಲ್ಲಿಯದು ಎರಡು ದಿನವಾದರೂ ಹಾಗೇ ಇತ್ತು. ಕೊನೇ ಮನೆಯದು ಮಾರನೇ ದಿನಕ್ಕೇ ಇದ್ದಿಲಿನಂತೆ ಕಪ್ಪಾಯಿತು.

ಮೊದಲು ಮಾಡಿದ್ದು ದಿನಾ ಪೌಡರ್ ಹಾಕೋದು. ಅದೂ ಕೆಟ್ಟಿತು. ಬೆಳಿಗ್ಗೆ ಮೊದಲ ನೀರು ಹಿಡಿದವರಿಗೆ ಆಸ್ಪತ್ರೆ ವಾಸನೆ, ಸಾಯಂಕಾಲದವರಿಗೆ ಏನೂ ಇಲ್ಲ. "ಕಾಫಿಗೆ ಹಾಕಿದ್ರೆ ಬಾಯಿಗಿಡಕ್ಕಾಗಲ್ಲ ಕಣಪ್ಪ" ಅಂತ ಅಜ್ಜಿಯೊಬ್ಬರು ಬಿಂದಿಗೆ ನೀರನ್ನು ನನ್ನ ಮುಂದೆಯೇ ಚೆಲ್ಲಿದರು. ಪೌಡರಿನ ಸುಣ್ಣ ಟ್ಯಾಂಕಿನ ತಳದಲ್ಲಿ ಕೆಸರಾಗಿ ಕೂತು ನಲ್ಲಿಗಳೂ ಕಟ್ಟಿದವು. ಆಮೇಲೆ ನೋಡಿದರೆ ಮೂಟೆಯೇ ಸತ್ತಿತ್ತು. ಬಾಯಿ ಬಿಚ್ಚಿ ಆರು ತಿಂಗಳಾಗಿದ್ದ ಪೌಡರದು. ಹೊಸದರಲ್ಲಿ ನೂರಕ್ಕೆ 30ರ ಆಸುಪಾಸು ಕ್ಲೋರಿನ್ ಇರುತ್ತದೆ, ತೇವ ತಗುಲಿದರೆ ಬರೀ ಸುಣ್ಣ. ಈಗ ನಾನು ಮೂಟೆ ಬಂದ ದಿನವೇ ಎರಡೆರಡು ಕಿಲೋ ಮಾಡಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ.

ಇದಕ್ಕೂ ಹಿಂದೆ ಪಂಚಾಯ್ತಿಯವರು ಕ್ಲೋರಿನ್ ಅಳತೆಯಾಗಿ ಬಿಡುವ ಒಂದು ಡೋಸಿಂಗ್ ಪಂಪ್ ತರಿಸಿದ್ದರು. ಮೂವತ್ತು ಸಾವಿರ ದಾಟಿತ್ತು ಅಂತ ನೆನಪು. ಮೂರು ತಿಂಗಳು ಓಡಿತು. ವೋಲ್ಟೇಜ್ ಏರಿಳಿತಕ್ಕೆ ಬೋರ್ಡ್ ಸುಟ್ಟಿತು, ಕೊಟ್ಟವರು ಫೋನ್ ಎತ್ತಲಿಲ್ಲ. ಅದು ಈಗಲೂ ಪಂಪ್ ಹೌಸಿನ ಮೂಲೆಯಲ್ಲಿದೆ. ಹಲ್ಲಿ ಸಂಸಾರ ಮಾಡಿದೆ.

ಸಲೈನ್ ಸೆಟ್ ಯೋಚನೆ ಬಂದಿದ್ದು ಆಸ್ಪತ್ರೆಯಲ್ಲಿ. ಅತ್ತೆಯವರಿಗೆ ಡ್ರಿಪ್ ಹಾಕಿದ್ದರು, ನಾನು ಪಕ್ಕದಲ್ಲಿ ಕೂತು ಹನಿ ಎಣಿಸುತ್ತಿದ್ದೆ. ಒಂದೇ ಸಲ ಸುರಿಯೋ ಬದಲು ಹೀಗೆ ಬಿಟ್ಟರೆ ಹೇಗೆ ಅನ್ನಿಸಿತು. ಮೆಡಿಕಲ್ ಸ್ಟೋರಿನಲ್ಲಿ ಇಪ್ಪತ್ತು ರೂಪಾಯಿಯಂತೆ ಐದು ಸೆಟ್ ತಂದೆ. ಅಂಗಡಿಯವನು ಮನೇಲಿ ಯಾರಿಗೆ ಹುಷಾರಿಲ್ಲ ಅಂತ ಕೇಳಿದ. ಊರಿಗೇ ಅಂದೆ.

ಟ್ಯಾಂಕಿನ ಮೇಲೆ 50 ಲೀಟರಿನ ಬಿಳಿ ಕ್ಯಾನ್ ಇಟ್ಟು ನೀರು ಬೀಳುವ ಬಾಯಿಗೆ ಸೆಟ್ ಕಟ್ಟಿದೆ. ಮೊದಲ ವಾರವೇ ನಾಲ್ಕು ತೊಂದರೆ. ಸುಣ್ಣ ಕಟ್ಟಿ ಹನಿ ನಿಂತಿತು. ಬಿಳಿ ಕ್ಯಾನಿಗೆ ಬಿಸಿಲು ಬಿದ್ದು ಎರಡನೇ ದಿನಕ್ಕೆ ದ್ರಾವಣ ಸಪ್ಪೆಯಾಯಿತು. ಕ್ಯಾನ್ ತುಂಬಿದ್ದಾಗ ಜೋರು, ಅರ್ಧವಾದಾಗ ನಿಧಾನ. ನಾಲ್ಕನೆಯದು ದೊಡ್ಡದು: ಕರೆಂಟ್ ಹೋಗಿ ಮೋಟಾರ್ ನಿಂತರೂ ಹನಿ ನಿಲ್ಲುವುದಿಲ್ಲ. ಒಂದು ರಾತ್ರಿ ಪೂರ್ತಿ ಕ್ಯಾನ್ ಖಾಲಿಯಾಗಿ, ಬೆಳಿಗ್ಗೆ ಊರೆಲ್ಲಾ ಈಜುಕೊಳದ ವಾಸನೆ. ಅವತ್ತು ಟ್ಯಾಂಕ್ ನೀರನ್ನೆಲ್ಲಾ ಚರಂಡಿಗೆ ಬಿಟ್ಟೆ.

ಮೊದಲ ಮೂರು ಸುಲಭವಾಗಿ ಬಗೆಹರಿದವು. ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ರಾತ್ರಿ ಬಿಟ್ಟು, ತಿಳಿಯನ್ನು ಮಾತ್ರ ಬಸಿದುಕೊಳ್ಳುತ್ತೇನೆ. ಕ್ಯಾನ್ ಹೋಗಿ ನೀಲಿ ಡ್ರಮ್ ಬಂತು, ಮೇಲೊಂದು ತಗಡಿನ ನೆರಳು. ಡ್ರಮ್ಮಿನ ಕೆಳಗೆ ಒಂದು ಪುಟ್ಟ ಡಬ್ಬ, ಅದಕ್ಕೆ ಕಕ್ಕಸಿನ ಫ್ಲಶ್ ಟ್ಯಾಂಕಿನ ಬಾಲ್ ವಾಲ್ವ್. ಡಬ್ಬದಲ್ಲಿ ಮಟ್ಟ ಯಾವಾಗಲೂ ಒಂದೇ, ಹನಿಯೂ ಒಂದೇ. ವಾಲ್ವ್ ಪ್ಲಾಸ್ಟಿಕ್ಕಿನದೇ ಇರಲಿ, ಹಿತ್ತಾಳೆಯನ್ನು ಕ್ಲೋರಿನ್ ತಿಂದುಬಿಡುತ್ತದೆ.

ನಾಲ್ಕನೆಯದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಹಳೇ ವಾಷಿಂಗ್ ಮಷೀನಿನ ನೀರಿನ ವಾಲ್ವ್ ತಂದು ಸ್ಟಾರ್ಟರಿಗೆ ಕೊಟ್ಟು ನೋಡಿದೆ. ಅದು ಬಾಯಿ ಬಿಡಲು ಪೈಪಿನಲ್ಲಿ ಒತ್ತಡ ಬೇಕು. ಎರಡು ಅಡಿ ಎತ್ತರದ ಡ್ರಮ್ಮಿಗೆ ಅದು ಎಲ್ಲಿ ಬಗ್ಗುತ್ತದೆ? ಕೊನೆಗೆ ಕೈ ಹಿಡಿದಿದ್ದು ತಕ್ಕಡಿ. ಒಂದು ಮರದ ಪಟ್ಟಿಯ ಒಂದು ತುದಿ ಸಲೈನ್ ಪೈಪನ್ನು ಅಮುಕಿಕೊಂಡಿರುತ್ತದೆ, ಇನ್ನೊಂದು ತುದಿಗೆ ಪೇಂಟಿನ ಡಬ್ಬಿ ನೇತುಬಿದ್ದಿರುತ್ತದೆ. ಮೋಟಾರ್ ಓಡಿದರೆ ಬೀಳುವ ನೀರಿನಲ್ಲಿ ಒಂದಿಷ್ಟು ಡಬ್ಬಿಗೆ. ಡಬ್ಬಿ ಭಾರವಾಗಿ ಇಳಿದರೆ ಪಟ್ಟಿ ಮೇಲೆದ್ದು ಪೈಪು ಬಿಡುತ್ತದೆ. ಮೋಟಾರ್ ನಿಂತರೆ ಡಬ್ಬಿ ತಳದ ತೂತಿನಿಂದ ನೀರು ಸೋರಿ, ಪಟ್ಟಿ ಮತ್ತೆ ಅಮುಕುತ್ತದೆ. ಕರೆಂಟಿನ ಹಂಗಿಲ್ಲ. ಅಮುಕುವ ಜಾಗಕ್ಕೆ ಸಲೈನ್ ಪೈಪು ತಡೆಯೋದಿಲ್ಲ, ಬೇರೆ ಟ್ಯೂಬಿನ ತುಂಡು ಸೇರಿಸಬೇಕು. ಅದು ಯಾವುದು, ತೂತು ಎಷ್ಟು ದೊಡ್ಡದು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಊರಿಗೆ ಬನ್ನಿ, ಕಾಫಿ ಕುಡಿಸಿ ತೋರಿಸುತ್ತೇನೆ.

ನನ್ನ ಅಳತೆ ಹೀಗಿದೆ. ಒಂದು ಕಿಲೋ ಹೊಸ ಪೌಡರಿಗೆ 40 ಲೀಟರ್ ನೀರು, ಎರಡು ದಿನಕ್ಕೆ. ಮೋಟಾರ್ ದಿನಕ್ಕೆ ಏಳು ಗಂಟೆ ಓಡುತ್ತದೆ, ಎರಡು ನಿಮಿಷಕ್ಕೆ ಒಂದು ಟೀ ಲೋಟದಷ್ಟು ದ್ರಾವಣ ಬೀಳುತ್ತದೆ. ನಿಮ್ಮ ನೀರಿಗೆ ಬೇರೆ ಆಗಬಹುದು. ನೀರಿನಲ್ಲಿ ಉಳಿದ ಕ್ಲೋರಿನ್ನನ್ನು ಟ್ಯಾಂಕಿನಲ್ಲಿ ಅಳೆಯಬೇಡಿ, ಕೊನೇ ನಲ್ಲಿಯಲ್ಲಿ ಅಳೆಯಿರಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಸಿಕ್ಕರೆ ಕುಡಿಯುವ ನೀರಿನ ಮಾನದಂಡ ಐಎಸ್ 10500 ಕೇಳುವಷ್ಟು ಸಿಕ್ಕಿತು.

ಆದರೆ ನಮಗೆ ಸಿಗಲೇ ಇಲ್ಲ! ಟ್ಯಾಂಕಿನ ಬುಡದಲ್ಲಿ ಓಟಿ ಹನಿ (ಕ್ಲೋರಿನ್ ಇದ್ದರೆ ನೀರನ್ನು ಹಳದಿ ಮಾಡುವ ಪರೀಕ್ಷೆ ದ್ರಾವಣ) ಹಾಕಿದರೆ ಚೆನ್ನಾಗಿ ಹಳದಿ, ಕೆಳಗಿನ ಬೀದಿಯಲ್ಲಿ ಬಣ್ಣವೇ ಇಲ್ಲ. ಇನ್ನಷ್ಟು ಪೌಡರ್ ಹಾಕು ಅಂದರು ಎಲ್ಲರೂ. ನಾನು ಗುದ್ದಲಿ ತಗೊಂಡೆ. ಚರಂಡಿ ದಾಟುವ ಕಡೆ ಪೈಪಿನ ಜಾಯಿಂಟ್ ಬಿಟ್ಟಿತ್ತು. ನೀರು ಬಿಟ್ಟಾಗ ಹೊರಕ್ಕೆ ಸೋರುತ್ತದೆ, ನಿಲ್ಲಿಸಿದಾಗ ಚರಂಡಿಯದನ್ನೇ ಒಳಕ್ಕೆ ಎಳೆಯುತ್ತದೆ. ಸಾಲದ್ದಕ್ಕೆ ಅದೇ ಲೈನಿನಲ್ಲಿ ಏಳು ಮನೆಯವರು ನಲ್ಲಿಗೇ ಜೋಡಿಸುವ ಪುಟ್ಟ ಮೋಟಾರ್, ಟುಲ್ಲು ಪಂಪ್ ಹಾಕಿಕೊಂಡು ಇನ್ನೂ ಜೋರಾಗಿ ಎಳೆಯುತ್ತಿದ್ದರು. ಆ ಏಳು ಪಂಪ್ ಹೇಗೆ ಹಿಡಿದೆ ಅಂತ ಕೇಳಬೇಡಿ, ಇನ್ನೂ ಹಿಡಿಯೋದು ಬಾಕಿ ಇದೆ. 40 ಮೀಟರ್ ಹೊಸ ಪೈಪನ್ನು ಚರಂಡಿಗಿಂತ ಮೇಲೆ ಎಳೆದ ಮೂರನೇ ದಿನ ಕೊನೇ ಮನೆಯಲ್ಲಿ ನಿಂಬೆ ಬಣ್ಣ ಬಂತು. ಆಶಾ ಅಕ್ಕ ಮತ್ತೆ ಇಟ್ಟ ಬಾಟಲಿ ಕಪ್ಪಾಗಲಿಲ್ಲ.

ನಡುವೆ ಫ್ಲೋರೈಡ್ ತೆಗೆಯುವ ಹುಚ್ಚೂ ಹತ್ತಿತ್ತು. ನಮ್ಮದು ತುಮಕೂರು ಜಿಲ್ಲೆ, ಮಧುಗಿರಿ ಕಡೆ, ಫ್ಲೋರೈಡ್ ಇದೆ ಅಂತ ಹಲ್ಲಿನ ಕಲೆ ನೋಡಿದರೇ ಗೊತ್ತಾಗುತ್ತದೆ. ನಮ್ಮ ಹಳೇ ಬೋರ್ ನೀರು ಪರೀಕ್ಷೆ ಕಿಟ್ಟಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಹತ್ತಿರ ತೋರಿಸುತ್ತಿತ್ತು, 1.5 ದಾಟಬಾರದು. ಕ್ಲೋರಿನ್ನಿಗೂ ಅದಕ್ಕೂ ಸಂಬಂಧವಿಲ್ಲ, ಕಾಯಿಸಿದರೂ ಹೋಗೋದಿಲ್ಲ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ‘ನೀರಿ’ಯವರ (NEERI) ಫ್ಲೋರೈಡ್ ಇಳಿಸುವ ನಲಗೊಂಡ ಪದ್ಧತಿ ಕೇಳಿ, ಬಕೆಟ್ಟಿನಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ನೋಡಿದೆ. ಇಳಿಯಿತು ನಿಜ. ಆದರೆ ದಿನಾ ಅಷ್ಟು ಕೆಸರು ಎಲ್ಲಿ ಚೆಲ್ಲೋದು? ಮನೆಯವಳು ಎರಡನೇ ದಿನಕ್ಕೇ ಬಕೆಟ್ ಕಿತ್ತುಕೊಂಡಳು. ನುಗ್ಗೆ ಬೀಜದ ಪುಡಿಯಿಂದ ಕೆರೆ ನೀರು ತಿಳಿಯಾಯಿತು, ಮಾರನೇ ದಿನ ನಾರಿತು. ಈಗ ಫ್ಲೋರೈಡ್ ಕಡಿಮೆ ಇರುವ ಬೋರನ್ನು ಜಾಸ್ತಿ ಹೊತ್ತು ಓಡಿಸಿ ಎರಡನ್ನೂ ಬೆರೆಸುತ್ತೇನೆ, 1.3 ಆಸುಪಾಸು ಬರುತ್ತದೆ. ಕುಡಿಯೋದಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಲ್ಲಿ ಹಿಡಿಯುವವರೂ ಇದ್ದಾರೆ, ಅದು ಓಡುವಾಗ.

ಎಲ್ಲಾ ಸರಿಯಾದ ಮೇಲೆ ಬಂದ ಆಪಾದನೆ ಕೇಳಿ. ನೀರಿಗೆ ವಾಸನೆಯೇ ಇಲ್ಲ, ಪೌಡರ್ ಮಾರಿಕೊಳ್ಳುತ್ತಿದ್ದಾನೆ ಅಂತ! ಮೆಂಬರೊಬ್ಬರು ಸಭೆಯಲ್ಲೇ ಎದ್ದು, "ಅಲ್ಲಯ್ಯಾ, ಮೊದ್ಲು ಮೂಗಿಗೆ ಹೊಡೀತಿತ್ತು, ಈಗ ಎಲ್ಲಿ ಹೋಯ್ತು ಮೂಟೆ?" ಅಂದರು. ಅವರನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಕೊನೇ ಮನೆಗೆ ಹೋದೆ. ಬೈದಿದ್ದ ಅದೇ ಅಜ್ಜಿಯ ನಲ್ಲಿ. ಹನಿ ಹಾಕಿದೆ, ಹಳದಿ ಬಂತು. ಅಜ್ಜಿ ಮೆಂಬರಿಗೆ ಕಾಫಿ ಕೊಟ್ಟರು. ಅವರು ಸುಮ್ನೆ ಕುಡಿದರು.

ಖರ್ಚು? ಡ್ರಮ್, ಸೆಟ್, ವಾಲ್ವ್, ತಗಡು ಎಲ್ಲಾ ಮೂರು ಸಾವಿರದೊಳಗೆ. ಅದರಲ್ಲಿ ಸಾವಿರದಷ್ಟು ನನ್ನ ಕೈಯಿಂದ ಹೋಯಿತು, ಇನ್ನೂ ಬಂದಿಲ್ಲ. ಪೈಪಿಗೆ ಹದಿನೆಂಟೋ ಇಪ್ಪತ್ತೋ ಸಾವಿರ, ಅದು ಹದಿನೈದನೇ ಹಣಕಾಸು ಆಯೋಗದಿಂದ ಪಂಚಾಯ್ತಿಗೆ ಬಂದ ದುಡ್ಡಿನಲ್ಲಿ ಆಯಿತು. 25 ಕಿಲೋ ಮೂಟೆ ಎಂಟುನೂರು ಚಿಲ್ಲರೆ, ಸುಮಾರು ಐವತ್ತು ದಿನ ಬರುತ್ತದೆ. ಮನೆಗೆ ತಿಂಗಳಿಗೆ ಎರಡು ರೂಪಾಯಿಯೂ ಬೀಳುವುದಿಲ್ಲ.

ಕಲಸುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಗ್ಲೌಸ್ ಹಾಕಿ. ಒಂದು ಸಲ ಮರೆತು ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಕಕ್ಕಸು ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ.

ಪಕ್ಕದ ಊರಿನ ವಾಟರ್‌ಮನ್ ಹೋದ ತಿಂಗಳು ಬಂದು ಫೋಟೋ ಹೊಡೆದುಕೊಂಡು ಹೋದ. ತಕ್ಕಡಿ ಕಟ್ಟಿದ್ದಾನಂತೆ, ಆದರೆ ಡಬ್ಬಿ ಇಳಿದರೆ ಮೇಲೇಳುವುದಿಲ್ಲವಂತೆ. ತೂತು ತೀರಾ ಸಣ್ಣದಾಗಿದೆಯೇನೋ. ಭಾನುವಾರ ಹೋಗಿ ನೋಡಿಬರಬೇಕು.